ಮಾವ ಕಲಸಿದ ಹಳೆಯ ನೀಲಿ

ನಮ್ಮ ಮಾವ ಮನೆಗಳಿಗೆ ಬಣ್ಣ ಬಳಿಯುವವರು. ನಲವತ್ತು ವರ್ಷ ಕಂಡವರ ಗೋಡೆಗಳನ್ನೆಲ್ಲ ಹೊಳೆಯಿಸಿದರು. ದೀಪದ ಕೆಳಗೆ ಕತ್ತಲೆ ಅನ್ನುವ ಹಾಗೆ, ನಮ್ಮ ಮುಂಗೋಡೆಗೆ ಮಾತ್ರ ಹನ್ನೊಂದು ವರ್ಷದಿಂದ ಬ್ರಶ್ ಸೋಕಿರಲಿಲ್ಲ. ಒಂದು ಕಾಲದಲ್ಲಿ ಅದು ನೀಲಿ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಒಗೆದೂ ಒಗೆದೂ ಸವೆದ ಶರ್ಟಿನ ಹಾಗಿತ್ತು. ಕೇಳಿದರೆ ಸೂರಿನ ಕಡೆ ಗಲ್ಲ ಎತ್ತಿ, ಮರಿಗಳು ಹಾರಿಹೋಗಲಿ, ಆಮೇಲೆ ನೋಡೋಣ ಅನ್ನುತ್ತಿದ್ದರು.

ಸೂರಿನಡಿ ಅಂಬರಗುಬ್ಬಿಗಳ ಮಣ್ಣಿನ ಗೂಡು. ಪ್ರತಿ ವರ್ಷ ಅದೇ ಜಾಗಕ್ಕೆ ಬಂದು, ಹಳೆಯದಕ್ಕೇ ನಾಲ್ಕು ತುತ್ತು ಕೆಸರು ಮೆತ್ತಿ ಸಂಸಾರ ಹೂಡುತ್ತಿದ್ದವು. ಅದರ ನೇರ ಕೆಳಗೆ ಅತ್ತೆಯ ಕುರ್ಚಿ. ಅತ್ತೆಗೆ ಕಣ್ಣು ಹೋಗಿ ಆರು ವರ್ಷ. ಬೆಳಗಾಯಿತೆಂದು ಅವರಿಗೆ ತಿಳಿಯುವುದೇ ಆ ಚಿಲಿಪಿಲಿಯಿಂದ. ಹಕ್ಕಿ ಬಂದಾಗಲೆಲ್ಲ ರೆಕ್ಕೆಯ ಗಾಳಿ ಹಣೆಗೆ ತಾಗುತ್ತದೆ ಎನ್ನುತ್ತಿದ್ದರು. ನಾನು ನಂಬಿರಲಿಲ್ಲ. ಒಂದು ದಿನ ಅಲ್ಲೇ ಕಣ್ಣು ಮುಚ್ಚಿ ಕೂತೆ, ನಿಜವಾಗಿಯೂ ತಾಗಿತು. ಎಷ್ಟು ಹೊತ್ತು ಹಾಗೇ ಇದ್ದೆನೋ, ಒಲೆಯ ಮೇಲಿನ ಹಾಲೆಲ್ಲ ಉಕ್ಕಿಹೋಗಿತ್ತು.

ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ. ಈ ಸಲ ತವರಿನವರು ಬರುವವರಿದ್ದರು. ಪೇಂಟರ್ ಮನೆ ಯಾವುದು ಎಂದು ಕೇಳಿದವರಿಗೆ ಬಣ್ಣವಿಲ್ಲದ್ದು ಎಂದು ಹೇಳಬೇಕಾ ಅಂತ ಹದಿನೈದು ದಿನ ಮಾವನ ತಲೆ ತಿಂದೆ. ಕೊನೆಗೆ ಏಣಿ ಹತ್ತಿದರು. ಗೂಡಿನ ಸುತ್ತ ಕಾಗದ ಅಂಟಿಸಿ, ಒಂದು ಬೆರಳು ಜಾಗ ಬಿಟ್ಟು, ಮಧ್ಯಾಹ್ನದೊಳಗೆ ಗೋಡೆಯಿಡೀ ಹಳದಿ ಮಾಡಿದರು. ಗೂಡಿಗೆ ಒಂದು ಹನಿಯೂ ಸಿಡಿಯಲಿಲ್ಲ. ನಾನಂತೂ ಹಿಗ್ಗಿ ಹೀರೇಕಾಯಿ.

ಹಕ್ಕಿಗಳು ಸೂರಿನವರೆಗೆ ಬಂದು ಹಾಗೇ ತಿರುಗಿದವು. ಗೂಡಿನಲ್ಲಿ ಮೂರು ಮರಿ ಬಾಯಿ ತೆರೆದು ಕೂಗುತ್ತಿದ್ದವು. ಅಪ್ಪ ಅಮ್ಮ ಹುಳ ಕಚ್ಚಿಕೊಂಡು ಪಕ್ಕದ ಮನೆಯ ಸೂರಿನಡಿ ಸುತ್ತುತ್ತಿದ್ದವು. ನಮ್ಮ ಸಾಲಿನ ಮನೆಗಳೆಲ್ಲ ಒಂದೇ ಅಚ್ಚು. ಹನ್ನೊಂದು ವರ್ಷದ ಹಿಂದೆ ನಮ್ಮ ಗೋಡೆಗೆ ಬಳಿದು ಉಳಿದ ನೀಲಿಯನ್ನು ಮಾವ ಆ ಮನೆಗೂ ಬಳಿದಿದ್ದರು. ಇಲ್ಲದ ಗೂಡನ್ನು ಅವು ಅಲ್ಲಿ ಹುಡುಕುತ್ತಿದ್ದವು.

"ಬಣ್ಣ ನೋಡ್ಕೊಂಡು ಮನೆಗೆ ಬರ್ತಿದ್ವು ನೋಡಮ್ಮ," ಎಂದರು ಮಾವ. "ಬಣ್ಣದಲ್ಲೇ ಬದುಕಿದವನಿಗೆ ಇದು ಹೊಳೀಲೇ ಇಲ್ಲ."

ಇವತ್ತು ಹಕ್ಕಿ ಯಾಕೆ ಬರುತ್ತಿಲ್ಲ ಎಂದು ಅತ್ತೆ ಕೇಳಿದರು. ಹೊರಗೆ ಗಾಳಿ ಜೋರು ಅಂದೆ. ಒಂದು ಎಲೆಯೂ ಅಲುಗಾಡುತ್ತಿರಲಿಲ್ಲ.

ಹೊಸ ನೀಲಿಯನ್ನು ಯಾರು ಬೇಕಾದರೂ ಕಲಸುತ್ತಾರೆ. ಹನ್ನೊಂದು ವರ್ಷದ ಬಿಸಿಲು ತಿಂದ ನೀಲಿ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ. ಮಾವ ಬಿಳಿಗೆ ಚೂರು ನೀಲಿ, ಚಿಟಿಕೆ ಮಸಿ, ಒಂದಿಷ್ಟು ಮಣ್ಣು ಸೇರಿಸಿ, ರಟ್ಟಿನ ತುಂಡಿಗೆ ಹಚ್ಚಿ ಒಣಗಿಸಿ, ಪಕ್ಕದ ಮನೆಯ ಗೋಡೆಗೆ ಹಿಡಿದು ನೋಡುತ್ತಿದ್ದರು. ತಲೆಯಾಡಿಸಿ ಮತ್ತೆ ಕಲಸುತ್ತಿದ್ದರು. ಕತ್ತಲಾಗಿ ಕೈ ಕಾಣದಾದ ಮೇಲೆ ಬಿಟ್ಟರು, ಬೆಳಕು ಹರಿಯುತ್ತಲೇ ಮತ್ತೆ ಕೂತರು. ಅಂಗಳದ ತುಂಬ ಒಂದಕ್ಕಿಂತ ಒಂದು ಮಸುಕಾದ ನೀಲಿ ತುಂಡುಗಳು. ಅವುಗಳ ನಡುವೆ ಓಡಾಡುವಾಗ ನೆಲ ಯಾವುದು, ಆಕಾಶ ಯಾವುದು ಎಂದು ನನಗೇ ಗೊಂದಲ. ಕೊನೆಯ ತುಂಡನ್ನು ಆ ಗೋಡೆಗೆ ಹಿಡಿದರೆ ತುಂಡೇ ಕಾಣಲಿಲ್ಲ.

ಸೂರಿನಡಿ ಬಳಿಯಲು ಹತ್ತಿದಾಗ ಒಂದು ಮರಿ ಸತ್ತಿತ್ತು. ಮಾವ ಅದನ್ನು ಅಂಗೈಯಲ್ಲಿ ಇಳಿಸಿಕೊಂಡು ಬೇಲಿಯ ಬುಡದಲ್ಲಿ ಹೂತರು. ಅತ್ತೆಗೆ ಹೇಳಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದರು.

ಬಣ್ಣ ಒಣಗಿತು. ಹಕ್ಕಿಗಳು ಎರಡು ಸುತ್ತು ಹಾಕಿ, ನೆಟ್ಟಗೆ ಗೂಡಿಗೇ ಬಂದವು. ಅತ್ತೆ ಮುಖ ಎತ್ತಿ ಬಹಳ ಹೊತ್ತು ಕೇಳಿಸಿಕೊಂಡರು.

"ಎರಡೇ ಕೂಗ್ತಿವೆ," ಎಂದರು.

ಇನ್ನೊಂದು ನಿದ್ದೆ ಮಾಡುತ್ತಿದೆ ಎಂಬ ಸುಳ್ಳು ನಾಲಿಗೆ ತುದಿಯವರೆಗೆ ಬಂತು. ಆಗಲಿಲ್ಲ.

"ಒಂದು ಹೋಯ್ತು, ಅತ್ತೆ. ಗೋಡೆಗೆ ಬಣ್ಣ ಬಳೀರಿ ಅಂತ ಹಟ ಹಿಡಿದವಳು ನಾನು."

"ಗೊತ್ತು," ಎಂದರು ಅತ್ತೆ. "ನಿನ್ನೆ ಅದು ಕೂಗೋದು ನಿಲ್ಲಿಸಿದ್ದೂ ಕೇಳಿಸ್ತು. ನೀನು ಗಾಳಿ ಜೋರು ಅಂದೆಯಲ್ಲ. ಯಾರಿಗೆ ಹೇಳಲಿ ಅಂತ ಒಬ್ಬಳೇ ಕೂತು ಅತ್ತುಬಿಟ್ಟೆ."

ಮಾವ ಬ್ರಶ್ ತೊಳೆಯುವುದನ್ನು ಬಿಟ್ಟು ಬಂದು ಅವರ ಕಾಲ ಬಳಿ ಕೂತರು. ನಾನೂ ಕೂತೆ.