ಪಂಕ್ತಿಯಿಂದ ಏಳಲಾಗದ ಮಧ್ಯಾಹ್ನ

ನೋವು ಮೊದಲು ಕಾಣಿಸಿಕೊಂಡದ್ದು ಮಚ್ಛೆ ಊರು ದಾಟಿದ ಮೇಲಿನ ಸಣ್ಣ ಏರಿನಲ್ಲಿ, ಸೈಕಲ್ ತುಳಿಯುವಾಗ. ಬಲ ಮೊಣಕಾಲಿನ ಚಿಪ್ಪಿನ ಕೆಳಗೆ, ಬೆರಳಿಟ್ಟು ತೋರಿಸಬಹುದಾದಷ್ಟು ಚಿಕ್ಕ ಜಾಗದಲ್ಲಿ. ಏರು ಮುಗಿದ ಮೇಲೆ ಹೋಯಿತು. ಮುಂದಿನ ಶನಿವಾರ ಪೀರನವಾಡಿಯಲ್ಲೇ ಶುರುವಾಗಿ ಖಾನಾಪುರದವರೆಗೂ ಜೊತೆಗೆ ಬಂತು.

ಅದು ನಾನು ಎಂ.ಎ. ಮುಗಿಸುವ ವರ್ಷ, ಎಂಬತ್ತರ ದಶಕದ ಮೊದಲ ಭಾಗ. ಹಲಸಿಯ ಹಳೆಯ ದೇವಾಲಯಗಳ ಬಾಗಿಲುವಾಡಗಳ ಮೇಲೆ ಪ್ರಬಂಧ ಬರೆಯುತ್ತಿದ್ದೆ. ಶನಿವಾರ ತರಗತಿ ಮುಗಿಸಿ ಬೆಳಗಾವಿಯ ಶಿವಬಸವ ನಗರದ ಮನೆಯಿಂದ ಸೈಕಲ್ ಮೇಲೆ ಹೊರಟು, ಸಂಜೆಯೊಳಗೆ ಖಾನಾಪುರದ ಅತ್ತೆಯ ಮನೆ ಸೇರುತ್ತಿದ್ದೆ. ಅತ್ತೆ ಅಪ್ಪನ ತಂಗಿ. ಭಾನುವಾರ ಬೆಳಿಗ್ಗೆ ನಂದಗಡದ ಮೇಲೆ ಹಾಯ್ದು ಹಲಸಿಗೆ ಹೋಗಿ, ಅಳತೆ ತೆಗೆದು, ಚಿತ್ರ ಬರೆದುಕೊಂಡು ತಿರುಗಿ ಬರುವುದು. ಬಸ್ಸು ಇತ್ತು; ಆದರೆ ಅದು ಬಿಡುವ ಹೊತ್ತಿಗೂ ಬಾಗಿಲುವಾಡದ ಮೇಲೆ ಓರೆ ಬಿಸಿಲು ಬೀಳುವ ಹೊತ್ತಿಗೂ ಹೊಂದುತ್ತಿರಲಿಲ್ಲ.

ಅಪ್ಪ ಒಪ್ಪಿದ್ದರು, ಒಂದು ಮಾತಿನ ಮೇಲೆ. "ಒಂದ ದಿವ್ಸ ಮೈಗೆ ತ್ರಾಸ ಆತಂದ್ರ ಸೈಕಲ್ ಬಂದ್. ಆಮ್ಯಾಲೆ ನಿಮ್ಮಣ್ಣಗ ಯಾವಾಗ ರಜಾ ಇರ್ತೈತಿ ಆವಾಗ ಅವನ ಕೂಡ ಹೋಗು." ಅಣ್ಣನಿಗೆ ಭಾನುವಾರವೂ ರಜೆ ಇರುತ್ತಿರಲಿಲ್ಲ. ಅಂದರೆ ಮೊಣಕಾಲಿನ ಸುದ್ದಿ ಅಪ್ಪನ ಕಿವಿಗೆ ಬಿದ್ದರೆ ಹಲಸಿ ಅಲ್ಲಿಗೇ ಮುಗಿದಂತೆ.

ಹಾಗಾಗಿ ಹೇಳಲಿಲ್ಲ. ಮೆಟ್ಟಿಲಿದ್ದಲ್ಲಿ ಎಲ್ಲರನ್ನೂ ಮುಂದೆ ಬಿಟ್ಟು ಕೊನೆಗೆ ಇಳಿಯುತ್ತಿದ್ದೆ. ಎಲ್ಲಕ್ಕಿಂತ ಕಷ್ಟವಾದದ್ದು ಬೆಳಗಿನ ಪೂಜೆ. ಅಂಗೈಯಲ್ಲಿ ಲಿಂಗ ಹಿಡಿದು ಚಕ್ಕಳಮಕ್ಕಳ ಕೂರಬೇಕು. ನನಗೆ ಬಲಗಾಲು ಮಡಚಲು ಬರುತ್ತಿರಲಿಲ್ಲ. ಕೋಣೆಯ ಬಾಗಿಲು ಅರೆಮುಚ್ಚಿಕೊಂಡು, ಆ ಕಾಲನ್ನು ಗೋಡೆಯ ಕಡೆ ಚಾಚಿ, ಸೀರೆಯ ನೆರಿಗೆ ಮುಚ್ಚಿ ಕೂರುತ್ತಿದ್ದೆ. ಚಾಚಿದ ಕಾಲು ಕಣ್ಣಿಗೆ ಬೀಳಬಾರದೆಂದು ದೃಷ್ಟಿಯನ್ನು ಲಿಂಗದ ಮೇಲೆ ಬಲವಾಗಿ ನೆಟ್ಟಿರುತ್ತಿದ್ದೆ. ಅವ್ವ ಅದನ್ನು ಭಕ್ತಿ ಎಂದುಕೊಂಡಳು. ಪಕ್ಕದ ಮನೆಯವರ ಮುಂದೆ ಹೇಳಿಕೊಂಡಳು ಕೂಡ.

ಮಾಘದಲ್ಲಿ ಒಂದು ಭಾನುವಾರ ಅತ್ತೆಯ ಮನೆಯಲ್ಲಿ ಅವಳ ಗಂಡನ, ಅಂದರೆ ನಮ್ಮ ಮಾವನ, ತಂದೆಯ ಪುಣ್ಯತಿಥಿ. ಆ ದಿನ ಹಲಸಿಗೆ ಹೋಗುವ ಹಾಗಿರಲಿಲ್ಲ. ಹಿಂದಿನ ಸಂಜೆ ಎದುರುಗಾಳಿಯಲ್ಲಿ ತುಳಿದು ಬಂದಿದ್ದೆ. ಬೆಳಗಾಗುವುದರೊಳಗೆ ಮೊಣಕಾಲು ಊದಿಕೊಂಡು ಗುಂಡಗಾಗಿತ್ತು. ಪಡಸಾಲೆಯಲ್ಲಿ ಊಟಕ್ಕೆ ಚಾಪೆ ಹಾಸಿದರು. ಗೋಡೆಗೆ ಬೆನ್ನು ಮಾಡಿ ಗಂಡಸರ ಸಾಲು, ಎದುರಿಗೆ ಹೆಂಗಸರದು. ಗಂಡಸರ ಸಾಲಿನ ಮೊದಲಿಗೆ ಮನೆತನದ ಅಯ್ಯನವರು, ತುಂಬಾ ವಯಸ್ಸಾದ ಜಂಗಮರು. ನಾನು ಕಂಬದ ಪಕ್ಕದ ಜಾಗ ಹಿಡಿದು ಬಲಗಾಲನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟೆ. ಅದರ ಪಾದ ನೇರವಾಗಿ ಎದುರು ಸಾಲಿನ ತಟ್ಟೆಗಳ ಕಡೆಗಿತ್ತು.

"ತಂಗಿ, ಕಾಲ ಒಳಗ ತಗೋ," ಎಂದರು ನನ್ನ ಪಕ್ಕದಲ್ಲಿದ್ದ ಮುದುಕಿ, ಮಾವನ ಸೋದರತ್ತೆ. ಮೆಲ್ಲಗೇ ಅಂದದ್ದು. ಆದರೂ ನನ್ನ ಮುಖ ಬಿಸಿಯಾಯಿತು. ಎರಡೂ ಕೈಯಿಂದ ಕಾಲನ್ನು ಹಿಡಿದು ಮಡಚಿ ಕೆಳಗೆ ತುರುಕಿಕೊಂಡೆ. ಕಣ್ಣಲ್ಲಿ ನೀರು ಬಂತು. ಖಾರಬ್ಯಾಳಿಗೆ ಒಳ್ಳೆಯ ಖಾರ ಬಿದ್ದಿತ್ತು, ಯಾರೂ ಏನೂ ಕೇಳಲಿಲ್ಲ.

ಊಟ ಸಾಗಿತು. ಹೋಳಿಗೆ, ಅನ್ನ, ಕಟ್ಟಿನ ಸಾರು, ಮಜ್ಜಿಗೆ. ಮಡಚಿದ ಕಾಲು ಮೊದಲು ಉರಿಯಿತು, ಆಮೇಲೆ ಜೋಮು ಹಿಡಿಯಿತು, ಕೊನೆಗೆ ಅದು ನನ್ನದೇ ಎಂದು ತಿಳಿಯದಂತಾಯಿತು. ಎಲ್ಲರ ತಟ್ಟೆಯೂ ಖಾಲಿಯಾಗುತ್ತಾ ಬಂತು. ಈಗ ಏಳುತ್ತಾರೆ, ನಾನು ಏಳಲಾರೆ, ಎಲ್ಲರೂ ನೋಡುತ್ತಾರೆ, ಅತ್ತೆ ಅಪ್ಪನಿಗೆ ಹೇಳುತ್ತಾಳೆ. ಆ ಕ್ಷಣ ತಲೆಗೆ ಹೊಳೆದದ್ದು ಒಂದೇ ಉಪಾಯ. ಬಡಿಸುತ್ತಿದ್ದ ಅತ್ತೆಯನ್ನು ಕರೆದು, "ಅತ್ತಿ, ಇನ್ನೊಂದೀಟು ಅನ್ನ," ಎಂದೆ. ಉಳಿದವರು ಎದ್ದು ಕೈತೊಳೆಯಲು ಹಿತ್ತಲಿಗೆ ಹೋಗಲಿ. ಪಡಸಾಲೆ ಖಾಲಿಯಾದ ಮೇಲೆ ಕಂಬ ಹಿಡಿದು ಎದ್ದರಾಯಿತು ಎಂದು ಲೆಕ್ಕ ಹಾಕಿದ್ದೆ.

ಹುಟ್ಟಿದಾಗಿನಿಂದ ಪಂಕ್ತಿಯಲ್ಲಿ ಉಂಡವಳು ನಾನು. ಒಬ್ಬರ ತಟ್ಟೆಯಲ್ಲಿ ಅನ್ನವಿರುವವರೆಗೆ ಇನ್ನೊಬ್ಬರು ಏಳುವುದಿಲ್ಲ ಎಂಬುದು ಯಾರೂ ನನಗೆ ಕಲಿಸಬೇಕಾದ ಮಾತಲ್ಲ. ಅದೇ ಆಗ ಮರೆತುಹೋಗಿತ್ತು. ತಲೆ ಎತ್ತಿದರೆ ಎರಡೂ ಸಾಲಿನವರು ಎಂಜಲು ಕೈಯನ್ನು ತಟ್ಟೆಯ ಮೇಲೆ ಹಿಡಿದುಕೊಂಡು ನನ್ನ ಕಡೆ ನೋಡುತ್ತಾ ಕುಳಿತಿದ್ದರು.

"ಉಣ್ಣಲಿ ಬಿಡ್ರಿ, ಅವಸರೇನೈತಿ," ಎಂದರು ಅಯ್ಯನವರು.

"ಬೆಳಗಾಂವಿಂದ ಸೈಕಲ್ ತುಳಕೊಂಡ ಬಂದಾಳ್ರಿ, ಹಸಿವಾಗದ ಏನಾಗ್ತೈತಿ," ಎಂದರು ಮಾವ.

"ನಿನ್ನಿ ಬಂದಾಳ," ಎಂದರು ಮಾವನ ಸೋದರತ್ತೆ. "ನಿನ್ನಿ ಹಸಿವು ಇವತ್ತ ಮುಟ್ಟೈತೇನು?"

ಎಲ್ಲರೂ ನಕ್ಕರು. ಅತ್ತೆಗೆ ಸಂತೋಷವಾಗಿತ್ತು, ಕೇಳಿದ್ದಕ್ಕಿಂತ ಹೆಚ್ಚೇ ಹಾಕಿ, ಮೇಲೆ ತುಪ್ಪ ಸುರಿದಳು. ಪ್ರಸಾದ, ಅಗುಳೂ ಬಿಡುವ ಹಾಗಿಲ್ಲ. ಹಾಕಿದ ಅನ್ನವನ್ನೆಲ್ಲ ಅಷ್ಟು ಜನರ ಒಣಗುತ್ತಿರುವ ಕೈಗಳ ಮುಂದೆ ಒಂದೊಂದೇ ತುತ್ತಾಗಿ ತಿಂದೆ. ಯಾರೋ ಆಕಳಿಸಿದರು. ಹೊರಗೆ ಎರಡನೆಯ ಪಂಕ್ತಿಯವರು ಕಾಯುತ್ತಿದ್ದರು, ಅವರಲ್ಲೊಬ್ಬರು ಬಾಗಿಲಲ್ಲಿ ಇಣುಕಿ, "ಅಜೂನ್ ಝಾಲ ನಾಹೀ ಕಾ?" ಎಂದು ಮರಾಠಿಯಲ್ಲಿ ಕೇಳಿದರು, ಇನ್ನೂ ಆಗಲಿಲ್ಲವೇ ಎಂದು. ಮಾವ ಗದ್ದದಿಂದ ನನ್ನ ಕಡೆ ತೋರಿಸಿದರು.

ಕೊನೆಗೂ ಅಯ್ಯನವರು ಎದ್ದರು. ಸಾಲು ಎದ್ದಿತು. ನಾನು ಎಡಗೈ ನೆಲಕ್ಕೆ ಊರಿ, ಅರ್ಧ ಎದ್ದು, ಹಾಗೇ ಪಕ್ಕದಲ್ಲಿದ್ದ ಮಾವನ ಸೋದರತ್ತೆಯ ಮೇಲೆ ವಾಲಿದೆ. ನನ್ನ ಎಂಜಲು ಕೈ ಅವರ ಇಳಕಲ್ ಸೀರೆಯ ಸೆರಗನ್ನು ಹಿಡಿದುಕೊಂಡಿತ್ತು.

"ಭಾಳ ಉಂಡಾಳ್ರಿ," ಎಂದಿತು ಯಾವುದೋ ದನಿ. ಅತ್ತೆ ಮಾತ್ರ ನಗಲಿಲ್ಲ. ಹೊಟ್ಟೆ ಭಾರವಾದವರು ಹಾಗೆ ಬೀಳುವುದಿಲ್ಲ ಎಂಬುದು ಅವಳಿಗೆ ತಿಳಿದಿರಬೇಕು. ನನ್ನ ತೋಳು ಹಿಡಿದು ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ಎತ್ತ ಸೀರಿ."

"ಏನಿಲ್ಲ ಅತ್ತಿ."

"ಏನಿಲ್ಲದ್ದನ್ನ ತೋರಿಸಾಕ ಏನ ಧಾಡಿ?"

ತೋರಿಸಿದೆ. ತಿಳಿವಳಿಕೆ ಬಂದ ಮೇಲೆ ನನ್ನ ಮೊಣಕಾಲನ್ನು ನಾನಲ್ಲದೆ ಯಾರೂ ನೋಡಿರಲಿಲ್ಲ. ಅತ್ತೆ ಅದರ ಮೇಲೆ ಅಂಗೈ ಇಟ್ಟು ನೋಡಿದಳು. ಹಿತ್ತಲಿನ ಔಡಲ ಎಲೆಗೆ ಎಣ್ಣೆ ಸವರಿ, ಬಿಸಿ ಮಾಡಿ ತಂದು ಕಟ್ಟಿದಳು. ಕಟ್ಟುತ್ತಾ, "ನಿಮ್ಮಪ್ಪಗ ಗೊತ್ತೈತಿ?" ಎಂದಳು. ಇಲ್ಲವೆಂದು ತಲೆಯಾಡಿಸಿದೆ. "ಹೇಳಿದ್ರ ಹಲಸಿ ತಪ್ಪತೈತಿ," ಎಂದೆ. ಅವಳು ಕಟ್ಟಿನ ಗಂಟು ಬಿಗಿಮಾಡಿ, ನನ್ನ ಸೀರೆ ಇಳಿಸಿಬಿಟ್ಟಳು.

ಮರುದಿನ ಊರಿಗೆ ಹೋಗುವ ಸ್ಥಿತಿಯಲ್ಲಿರಲಿಲ್ಲ. ಹೊಲಿಗೆ ಕೆಲಸವಿದೆ, ಜೊತೆಗಿರಲಿ ಎಂದು ಅತ್ತೆ ಯಾರ ಕೈಯಲ್ಲೋ ಮನೆಗೆ ಹೇಳಿ ಕಳಿಸಿದಳು. ಅದೇನೂ ಪೂರ್ತಿ ಸುಳ್ಳಲ್ಲ. ಅವಳು ಊರ ಹೆಂಗಸರ ಜಂಪರು ಹೊಲಿಯುತ್ತಿದ್ದಳು, ಕಾಲಿನಿಂದ ತುಳಿಯುವ ಮಷಿನ್ನಿನಲ್ಲಿ. ಅವಳ ಸ್ಟೂಲಿನ ಮೇಲೆ ದಪ್ಪಗೆ ಮಡಚಿದ ಒಂದು ಕೌದಿ ಇರುತ್ತಿತ್ತು. ಅವಳು ಒಲೆಯ ಕಡೆ ಹೋದಾಗ, ಒಂದು ಅಂಚು ಹೊಲಿಯೋಣವೆಂದು ನಾನು ಕೌದಿ ತೆಗೆದಿಟ್ಟು ಕುಳಿತೆ. ತುಳಿದ ಕೂಡಲೇ ಅದೇ ಜಾಗದಲ್ಲಿ ಅದೇ ಚುಚ್ಚು. ಒಳ್ಳೆಯ ಕಾಲಿನಲ್ಲಿ ತುಳಿದರೂ ಮೊಣಕಾಲು ಎದೆಯ ಕಡೆಗೆ ಏರಿ ಬಿಗಿಯುತ್ತಿತ್ತು. ಕೌದಿ ಮತ್ತೆ ಹಾಕಿ ಕುಳಿತೆ. ಬಿಗಿತ ಸಡಿಲವಾಯಿತು.

"ತೆಗೀಬ್ಯಾಡ ಅದನ," ಎಂದಳು ಅತ್ತೆ ಒಲೆಯ ಬಳಿಯಿಂದಲೇ. "ತೆಳಗ ಕುಂತ ತುಳದ್ರ ಮಣಕಾಲು ಹಿಡೀತಾವ."

ನಾನು ಮಷಿನ್ನಿನ ಮುಂದೆಯೇ ಕುಳಿತುಬಿಟ್ಟೆ. ನನ್ನ ಸೈಕಲ್ಲಿನ ಸೀಟನ್ನು ತಗ್ಗಿಸಿದವಳು ನಾನೇ. ದೀಪಾವಳಿಗೆ ಮುಂಚೆ ಟಿಳಕವಾಡಿಯ ರೈಲ್ವೆ ಗೇಟಿನಲ್ಲಿ, ಗೇಟು ಹಾಕಿದ್ದಾಗ, ಜನರ ನಡುವೆ ನಿಲ್ಲಿಸಲು ಹೋಗಿ ಕಾಲು ನೆಲಕ್ಕೆ ಎಟುಕದೆ ಬಿದ್ದಿದ್ದೆ. ಪೆಟ್ಟಾಗಿರಲಿಲ್ಲ. ಸೀರೆ ಸಿಕ್ಕಿಕೊಂಡಿತ್ತು, ಗೇಟಿನ ಎರಡೂ ಕಡೆಯವರು ನೋಡಿದ್ದರು, ರೈಲು ಬೇಗ ಬರಲಿಲ್ಲ. ಮನೆಗೆ ಬಂದವಳೇ, ಕುಳಿತಲ್ಲಿಂದಲೇ ಎರಡೂ ಅಂಗಾಲು ನೆಲಕ್ಕೆ ಊರುವಷ್ಟು ಸೀಟು ಇಳಿಸಿ ಬಿಗಿಮಾಡಿದ್ದೆ. ಇನ್ನೊಮ್ಮೆ ಜನರ ಮುಂದೆ ಬೀಳಬಾರದು ಎನ್ನುವುದಷ್ಟೇ ಆಗಿನ ವಿಚಾರ. ಬಾಗಿಲುವಾಡದ ಅಳತೆಯಲ್ಲಿ ನೂಲಿನೆಳೆಯಷ್ಟು ತಪ್ಪಾದರೂ ಮತ್ತೆ ಹಲಸಿಗೆ ಓಡುತ್ತಿದ್ದ ನನಗೆ, ನನ್ನ ಕಾಲಿನ ಅಳತೆ ಒಮ್ಮೆಯೂ ನೆನಪಾಗಿರಲಿಲ್ಲ.

ಮಾವನ ಪಾನಾ ಕೇಳಿ ತೆಗೆದುಕೊಂಡು, ನಟ್ಟು ಸಡಿಲಿಸಿ, ಸೀಟು ಏರಿಸಿದೆ. ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬೆಳಗಾವಿಗೆ ತಿರುಗಿದ ಮೇಲೆ ಕೆಲವು ವಾರ ಬರವಣಿಗೆಯ ನೆಪ ಹೇಳಿ ಮನೆಯಲ್ಲೇ ಇದ್ದೆ. ಊತ ಇಳಿದ ಮೇಲೆ ನೆಹರು ನಗರದವರೆಗೆ, ಆಮೇಲೆ ಪೀರನವಾಡಿಯವರೆಗೆ ಹೋಗಿ ಬಂದು, ಕೊನೆಗೆ ಪೂರ್ತಿ ದಾರಿ. ಮೊಣಕಾಲು ತಕರಾರು ಮಾಡಲಿಲ್ಲ. ಈಗ ಗೇಟಿನಲ್ಲಿ ತುದಿಬೆರಳು ಮಾತ್ರ ನೆಲಕ್ಕೆ ತಾಗುತ್ತಿತ್ತು. ಹಾಗಾಗಿ ಗುಂಪು ದೂರವಿರುವಾಗಲೇ ಇಳಿದು, ತಳ್ಳಿಕೊಂಡು ಹೋಗಿ, ಸೈಕಲ್ ಪಕ್ಕದಲ್ಲಿ ನಿಂತಿರುತ್ತಿದ್ದೆ. ನೋಡುವವರು ಆಗಲೂ ನೋಡುತ್ತಿದ್ದರು.

ಯುಗಾದಿಯಾದ ಮೇಲೆ ಅತ್ತೆಯ ಮೊಮ್ಮಗನ ತೊಟ್ಟಿಲು ಕಾರ್ಯ. ಬೆಳಗಾವಿಯಿಂದ ಅಪ್ಪ ಬಸ್ಸಿನಲ್ಲಿ ಬಂದಿದ್ದರು, ನಾನು ಹಿಂದಿನ ಸಂಜೆಯೇ ಸೈಕಲ್ ಮೇಲೆ. ಅದೇ ಪಡಸಾಲೆ, ಅವೇ ಸಾಲುಗಳು. ನಾನು ಎರಡೂ ಕಾಲು ಮಡಚಿ ಕುಳಿತೆ, ಕಡಿಮೆ ಬಡಿಸಿಕೊಂಡೆ, ಎಲ್ಲರಿಗಿಂತ ಮೊದಲೇ ಮುಗಿಸಿದೆ. ಎಲ್ಲರ ಊಟವಾದರೂ ಅಯ್ಯನವರು ಏಳಲಿಲ್ಲ. ಸಾಲಿನುದ್ದಕ್ಕೂ ನೋಡಿ, ನನ್ನನ್ನು ಹುಡುಕಿ, "ಮೊದಲ ನೀ ಏಳವಾ, ಸಾವಕಾಶ," ಎಂದರು.

ದೊಡ್ಡವರು ಏಳುವ ಮುಂಚೆ ಪಂಕ್ತಿಯಲ್ಲಿ ಯಾರೂ ಏಳುವುದಿಲ್ಲ. ಎರಡೂ ಸಾಲುಗಳು ನನ್ನ ಕಡೆ ತಿರುಗಿದವು. ಅಪ್ಪನೂ ತಿರುಗಿದರು.

"ಯಾಕ್ರೀ ಅಯ್ಯಾರ, ಈಕೀಗೆ ಏನಾಗೈತಿ?"

ಅಯ್ಯನವರು ಬಾಯಿ ತೆರೆಯುವ ಮೊದಲೇ ಮಜ್ಜಿಗೆಯ ಪಾತ್ರೆ ಹಿಡಿದಿದ್ದ ಅತ್ತೆ ಹೇಳಿದಳು: "ಏನಾಗೂದೈತಿ ಅಣ್ಣಾ, ಪುಣ್ಯತಿಥಿ ದಿವ್ಸ ಉಂಡ ಉಂಡ ಏಳಾಕ ಬರದಂಗ ಆಗಿತ್ತ ನಿನ್ನ ಮಗಳಿಗೆ. ಎತ್ತಿ ನಿಂದರಿಸಬೇಕಾತ."

"ನನ್ನ ಸೀರಿ ಕೇಳ್ರಿ," ಎಂದರು ಮಾವನ ಸೋದರತ್ತೆ. "ಸೆರಗಿನ ತುಪ್ಪದ ಕಲಿ ಇನ್ನೂ ಹೋಗಿಲ್ಲ."

ಅಪ್ಪ ನಗಲು ಶುರುಮಾಡಿದರು. ಮನೆಯಲ್ಲಿ ಅರ್ಧ ರೊಟ್ಟಿ ಬಿಟ್ಟು ಏಳುವ ಮಗಳ ಬಗ್ಗೆ ಇಂಥ ಮಾತು ಕೇಳಿ, ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅದನ್ನು ಅಲ್ಲಗಳೆಯಲು ಒಂದು ಮಾತು ಸಾಕಿತ್ತು. ನಾನು ಅಂಗೈ ನೆಲಕ್ಕೆ ಊರದೆ, ನೆರಿಗೆ ಸರಿಮಾಡಿಕೊಂಡು, ಅಷ್ಟು ಜನ ಕುಳಿತಿರುವಾಗ ಒಬ್ಬಳೇ ಎದ್ದು ನಿಂತೆ. ಮೊಣಕಾಲು ನೋಯಲಿಲ್ಲ. ಮುಖ ಎಲ್ಲಿಡಬೇಕೆಂದು ತಿಳಿಯದೆ ಕೈತೊಳೆಯುವ ಹಂಡೆಯ ಕಡೆಗೆ ನಡೆದೆ.

ಸಂಜೆ ಅಪ್ಪ ಬಸ್ಸು ಹತ್ತುವಾಗ, "ನೀ ಸೈಕಲ್ ಮ್ಯಾಲ ಬಾ," ಎಂದರು. "ಉಂಡದ್ದು ಕರಗಲಿ."