ಅರ್ಧಕ್ಕೆ ನಿಲ್ಲದ ಪದ

‘ಈ ಪದ ಎಲ್ಲಿ ಹುಟ್ಟಿತು?’ ಎಂದು ಕೇಳಿದರೆ ಮಕ್ತುಮಸಾಬ ಕಣ್ಣು ಮುಚ್ಚಿ ಮುಗಿಲಿನ ಕಡೆಗೆ ಬೆರಳು ತೋರಿಸುವ ಪೈಕಿಯವನಲ್ಲ. ಟಪಾಲಿನವನಿಗೆ ಹೇಳಿದ ಹಾಗೆ ವಿಳಾಸ ಹೇಳುತ್ತಾನೆ. ‘ಇದು ಮಂಗೋರ್ ಹಿಲ್‌ದಾಗ, ಟ್ಯಾಂಕರ್ ನಿಲ್ಲೂ ಇಳುಕಲಿನ್ಯಾಗ. ಅದು ಮೋತಿ ಡೊಂಗರದಾಗ, ನಮ್ಮ ರಾಜೇಸಾಬನ ಪತ್ರಾಸಿನ ಮನಿ ಗಾಳಿಗೆ ಹಾರಿದ ದಿನ.’ ಹಾಡು ಎಂದರೆ ಅವನ ಲೆಕ್ಕದಲ್ಲಿ ನೆಲದಿಂದ ಏಳಬೇಕು, ಕಾಲಿಗೆ ಮಣ್ಣು ಮೆತ್ತಿರಬೇಕು.

ವಿಜಯಪುರದ ಕಡೆಯಿಂದ ಗೋವಾಕ್ಕೆ ಬಂದು ಮೂವತ್ತೆರಡು ವರ್ಷ. ಶಾಲೆಯೊಳಗೆ ಅವನು ಕಾಲಿಟ್ಟದ್ದು ಅದರ ಸ್ಲ್ಯಾಬು ಹಾಕಲಿಕ್ಕೆ ಮಾತ್ರ. ಆದರೂ ನಲವತ್ತು ಪದ ಕಟ್ಟಿ ಬಾಯಲ್ಲೇ ಇಟ್ಟುಕೊಂಡಿದ್ದಾನೆ. ಅಣ್ಣನ ಸೊಸೆ ಅಸ್ಮಾ ಮದುವೆಯಾಗಿ ಬಂದ ವಾರ ವಾಸ್ಕೋದ ದಂಡೆಯಲ್ಲಿ ನಿಂತು, ಜೀವಮಾನದಲ್ಲಿ ಮೊದಲ ಸಲ ಸಮುದ್ರ ಕಂಡು, ‘ಮಾಮಾ, ಇಷ್ಟ್ ನೀರು ಬಿಟ್ಟು ನಳಾ ಬಂದ್ ಮಾಡೂದು ಯಾರ್ ಮರತಾರ್ರಿ?’ ಎಂದು ಕೇಳಿದ್ದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಕ್ತುಮಸಾಬ ನಗಲಿಲ್ಲ. ಹೊತ್ತು ಮುಳುಗುವುದರೊಳಗೆ ಅದು ಪದವಾಗಿತ್ತು. ನೀರಿನ ಟ್ಯಾಂಕರಿನ ಸಾಲಿನಲ್ಲಿ ತನ್ನ ಹೆಂಡತಿ ಖುರ್ಷಿದಾಬೇಗಂ ಕೊಡಕ್ಕೆ ಕೊಡ ಬಡಿದು ಆಡಿದ ಜಗಳವನ್ನೂ ಅವನು ಬಿಡಲಿಲ್ಲ. ಆಕೆ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಅದೇ ಸಾಲಿನಲ್ಲಿ ನಿಂತು ತಾನೇ ಹಾಡಿದಳು, ಅದೂ ಎದುರಾಳಿಯ ಮುಖ ನೋಡಿಕೊಂಡು.

ಊರಲ್ಲಿ ಮೊಹರಮ್ಮಿನ ಪದ ಕಲಿಸಿದ ಉಸ್ತಾದ ಒಂದು ಮಾತು ಹೇಳಿದ್ದ: ಕೊನೆಯ ನುಡಿಯಲ್ಲಿ ಕವಿಯ ಅಂಕಿತ ಬರಬೇಕು, ಅಂಕಿತವಿಲ್ಲದ ಪದ ಮೂಗುದಾರವಿಲ್ಲದ ಹೋರಿ, ಯಾರು ಬೇಕಾದರೂ ಹೊಡೆದುಕೊಂಡು ಹೋಗುತ್ತಾರೆ. ಮಕ್ತುಮಸಾಬ ಉಸ್ತಾದನ ಮಾತನ್ನು ಅರ್ಧ ಕೇಳಿದ, ಅರ್ಧ ಮುರಿದ. ಅಂಕಿತ ಇಟ್ಟ, ಆದರೆ ತನ್ನದಲ್ಲ. ಪದ ಯಾರ ಬೆವರಿನಿಂದ ಹುಟ್ಟಿತೋ ಅವರ ಹೆಸರು. ‘ನಾ ಬರೇ ಗಚ್ಚು ಕಲಸಾಂವ. ಮಾಲು ಅವರದು’ ಎನ್ನುತ್ತಿದ್ದ.

ಈ ಹಟವೇ ಹೋದ ನವೆಂಬರಿನಲ್ಲಿ ಅವನನ್ನು ಒರೆಗೆ ಹಚ್ಚಿತು.

ವಾಸ್ಕೋದ ಕನ್ನಡ ಬಳಗದವರು ರಾಜ್ಯೋತ್ಸವಕ್ಕೆ ಅವನ ಹಾಡು ಇಟ್ಟಿದ್ದರು. ಕಾರ್ಯದರ್ಶಿ ಕುಬೇರ ಮೊಬೈಲ್ ಅಂಗಡಿ ಇಟ್ಟವನು. ಅವನಪ್ಪ ಪರಶು ಮಕ್ತುಮಸಾಬನ ಜೊತೆಗೆ ಹದಿನೈದು ವರ್ಷ ಸ್ಲ್ಯಾಬಿನ ಗ್ಯಾಂಗಿನಲ್ಲಿ ದುಡಿದು ಕಣ್ಣು ಮುಚ್ಚಿದವ. ಕಾರ್ಯಕ್ರಮಕ್ಕೆ ಎರಡು ದಿನ ಇರುವಾಗ ಕುಬೇರ ಗುಡ್ಡ ಹತ್ತಿ ಅವನ ಮನೆಗೆ ಬಂದ. ಖುರ್ಷಿದಾಬೇಗಂ ಕೊಟ್ಟ ಚಹಾ ಕೈಯಲ್ಲಿ ಹಿಡಿದು ಆರಿಸುತ್ತಲೇ ಕುಳಿತ. ಚಹಾ ಆರಿಸುವವನ ಹೊಟ್ಟೆಯಲ್ಲಿ ಬೇರೇನೋ ಕುದಿಯುತ್ತಿರುತ್ತದೆ.

‘ಕಾಕಾ, ಯಾವ ಪದಾ ಹಾಡಾವ್ರು?’

‘ಹುಸೇನಬಿ ಪದಾ.’

‘ಚಲೋ ಪದಾರಿ. ಖರೇ ಭಾಳ ಚಲೋ. ಆದ್ರ ಒಂದ್ ಸಣ್ಣ ಮಾತು...’

‘ಸಣ್ಣ ಮಾತಿಗೆ ನೀ ಇಷ್ಟು ಗುಡ್ಡಾ ಹತ್ತಾಂವ ಅಲ್ಲ. ದೊಡ್ಡದು ಹೇಳು.’

ಹುಸೇನಬಿ ಯಾರೆಂದು ಹೇಳದೆ ಮುಂದೆ ಹೋದರೆ ಪಾಪ ತಗಲುತ್ತದೆ. ಸ್ಲ್ಯಾಬು ಹಾಕುವ ದಿನ ಕೆಳಗೆ ಕಾಂಕ್ರೀಟು ಕಲಸುವ ಯಂತ್ರ, ಮೇಲಿನ ತನಕ ಹಲಗೆಯ ದಾರಿ, ದಾರಿಯುದ್ದಕ್ಕೂ ಜನರ ಸಾಲು. ಬುಟ್ಟಿ ಕೈಯಿಂದ ಕೈಗೆ ಏರುತ್ತದೆ. ಕೈ ತಪ್ಪದ ಹಾಗೆ ಕೆಳಗಿನವನು ಪದ ಎತ್ತಬೇಕು, ಸಾಲು ಅದನ್ನು ತಿರುಗಿ ಹೇಳಬೇಕು. ಕೆಳಗೆ ಮಕ್ತುಮಸಾಬನಾದರೆ ತುದಿಯಲ್ಲಿ ಹುಸೇನಬಿ. ಹನ್ನೊಂದು ವರ್ಷ ಇಬ್ಬರ ದನಿಯ ನಡುವೆ ಅದೆಷ್ಟು ಮನೆಗಳು ಎದ್ದವೋ. ಅವನ ಪದಗಳಲ್ಲಿ ತಪ್ಪು ಹಿಡಿದು ಆಡಿಕೊಳ್ಳುವ ಧೈರ್ಯ ಇದ್ದದ್ದೂ ಆಕೆಗೊಬ್ಬಳಿಗೇ. ‘ಅಣ್ಣಾ, ನಿನ್ನ ಪದದಾಗ ಬುಟ್ಟಿ ಭಾಳ ಹಗರ ಆಗೇತಿ. ಒಮ್ಮಿ ಮ್ಯಾಲ ಬಂದು ಎತ್ತಿ ನೋಡು, ಆಮ್ಯಾಲ ಹಾಡು’ ಎಂದು ಮೇಲಿನಿಂದಲೇ ಕೂಗುತ್ತಿದ್ದಳು. ಅವನು ಬೈದುಕೊಳ್ಳುತ್ತಲೇ ನುಡಿ ತಿದ್ದುತ್ತಿದ್ದ.

ನಾಲ್ಕು ವರ್ಷದ ಹಿಂದೆ ಪರ್ವರಿಯಲ್ಲಿ, ಮೂರನೆಯ ಮಜಲಿನ ಹಲಗೆ ಜಾರಿ ಹುಸೇನಬಿ ಬಿದ್ದಳು. ಏಳಲಿಲ್ಲ. ಪರಿಹಾರ ಕೇಳಹೋದರೆ, ಆ ಹೆಸರಿನ ಹೆಂಗಸು ತನ್ನ ಕೆಲಸದಲ್ಲಿ ಇರಲೇ ಇಲ್ಲ ಎಂದ ಗುತ್ತಿಗೆದಾರ. ಹಾಜರಿ ಪುಸ್ತಕ ತೆರೆದು ತೋರಿಸಿದ. ಅದರಲ್ಲಿ ಅವಳ ಹೆಸರಿರಲಿಲ್ಲ. ಮಗಳು ಯಾಸ್ಮೀನ ಆ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ಮುಚ್ಚಿ, ಹೊರಗೆ ಬಂದಳು. ಅವತ್ತು ಮಕ್ತುಮಸಾಬ ಅವಳಿಗೆ ಮಾತು ಕೊಟ್ಟ: ‘ಬುಕ್ಕಿನಾಗ ಇಲ್ಲಂದ್ರ ಬಾಯಾಗ ಇರ್ತೈತಿ, ಮಗಳ. ನಾಕ್ ಮಂದಿ ನಡುವ ನಿಮ್ಮಮ್ಮನ ಹೆಸರು ಹೇಳಸ್ತೀನಿ.’

ಈಗ ಕುಬೇರ ದೊಡ್ಡ ಮಾತು ಹೊರಗೆ ಹಾಕಿದ. ಅದೇ ಗುತ್ತಿಗೆದಾರ ಸಮಾರಂಭದ ಮುಖ್ಯ ಅತಿಥಿ. ಪೆಂಡಾಲು, ಊಟ ಎಲ್ಲ ಅವನ ಖರ್ಚು.

‘ಪೂರಾ ಪದಾ ಬ್ಯಾಡ ಅನ್ನಾಕತ್ತಿಲ್ರಿ ನಾ. ಕೊನೀ ನುಡಿ ಒಂದು ಬಿಡ್ರಿ. ಶಾಲು ಹೊದಸ್ತೀವಿ, ರೆಕಾರ್ಡ್ ಮಾಡ್ತೀವಿ. ಜನಪದ ಗೀತೆ ಅಂತ ಹೇಳ್ತೀವಿ, ಯಾರ್ ಹೆಸರೂ ಬೇಕಾಗಂಗಿಲ್ಲ.’

‘ಕುಬೇರಾ, ಸ್ಲ್ಯಾಬು ಅರ್ಧಕ್ಕ ನಿಲ್ಲಿಸಿ, ಮರುದಿನ ಬಂದು ಉಳಿದದ್ದು ಹಾಕಿದ್ರ ಏನಾಕ್ಕೈತಿ?’

ಪರಶುವಿನ ಮಗ ತಲೆ ಕೆಳಗೆ ಹಾಕಿದ. ‘ಜೋಡಿನಾಗ ಸೋರ್ತೈತ್ರಿ.’

‘ನಿಮ್ಮಪ್ಪ ಜ್ವರಾ ಬಂದ್ರೂ ಸಾಲು ಬಿಟ್ಟಾಂವ ಅಲ್ಲ. ಹಾಕಿದ್ರ ಪೂರಾ ಹಾಕೂದು, ಇಲ್ಲಂದ್ರ ಕೈ ಹಚ್ಚೂದs ಅಲ್ಲ.’

‘ಹಂಗಂದ್ರ ಬರೂದಿಲ್ಲೇನ್ರಿ?’

‘ಬರ್ತೀನಿ ಅಂತ ಮಾತು ಕೊಟ್ಟೇನಿ, ಬರ್ತೀನಿ. ಪೂರಾ ಹಾಡ್ತೀನಿ. ನೀ ಬೇಕಾದ್ರ ಈಗs ನನ್ನ ಹೆಸರು ಹೊಡದ್ ಹಾಕು.’

ಒಳಗಿನಿಂದ ಖುರ್ಷಿದಾಬೇಗಂ ಸೇರಿಸಿದಳು: ‘ಶಾಲು ನೀನs ಹೊದ್ಕೊಳಪಾ. ನಮ್ಮ ಮನ್ಯಾಗ ಭಾಳ ಸೆಕಿ.’

ಕುಬೇರ ಹೆಸರು ಹೊಡೆಯಲಿಲ್ಲ. ಆಮಂತ್ರಣದ ಚೀಟಿಗಳು ಅಚ್ಚಾಗಿದ್ದವು, ಗುಡ್ಡದ ಜನ ಮಕ್ತುಮಸಾಬನ ಹೆಸರು ನೋಡಿಯೇ ಬರುವವರು.

ಆ ಭಾನುವಾರ ಮಧ್ಯಾಹ್ನ ಪೆಂಡಾಲು ತುಂಬಿತ್ತು. ಮುಂದೆ ಬಟ್ಟೆ ಹೊದಿಸಿದ ಕುರ್ಚಿಗಳಲ್ಲಿ ಅತಿಥಿಗಳು, ಹಿಂದೆ ತಾಡಪಾಲಿನ ಮೇಲೆ ಗ್ಯಾಂಗಿನವರು, ಬಾಗಿಲ ಬಳಿ ಕಂಬಕ್ಕೆ ಆತು ನಿಂತ ಯಾಸ್ಮೀನ. ಪರ್ವರಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ಮಕ್ತುಮಸಾಬ ಒಗೆದ ಬಿಳಿ ಅಂಗಿ ತೊಟ್ಟು, ತನ್ನ ದಪ್ಪು ವಾದ್ಯವನ್ನು ಬಿಸಿಲಿಗೆ ಹಿಡಿದು ಕಾಯಿಸಿಕೊಂಡು ವೇದಿಕೆ ಹತ್ತಿದ. ಕಾಯಿಸಿದ ತೊಗಲು ಟಣ್ ಎಂದಿತು. ಪದ ಎತ್ತಿದ.

ಮೂರು ಮಜಲಿನ ಮ್ಯಾಲ ಮುಗಿಲ ಮುಟ್ಟುವ ಹಲಗಿ
ಹಲಗಿ ಜಾರಿತೋ ನನ ತಂಗಿ, ಹಸರ ಬಳಿ
ಗಿಲಕಿ ಆದಾವೋ ಮಣ್ಣಾಗ

ಕುರ್ಚಿಯವರು ತಲೆದೂಗಿದರು. ಗುತ್ತಿಗೆದಾರನೂ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಯಾರ ಮಜಲು, ಯಾರ ಹಲಗೆ ಎಂಬುದು ಅವನ ಕಿವಿಗೆ ಇನ್ನೂ ಇಳಿದಿರಲಿಲ್ಲ. ಐದು ನುಡಿ ಹೀಗೇ ಸಾಗಿತು. ಆರನೆಯದಕ್ಕೆ ಬಾಯಿ ತೆರೆಯುವಾಗ ಮಕ್ತುಮಸಾಬ ವೇದಿಕೆಯ ಪಕ್ಕಕ್ಕೆ ನೋಡಿದ. ಕುಬೇರನ ಕೈ ಮೈಕಿನ ಗುಂಡಿಯ ಮೇಲಿತ್ತು. ಒಂದು ಗಳಿಗೆ ಇಬ್ಬರ ಕಣ್ಣೂ ಕೂಡಿದವು. ಕುಬೇರ ಕಣ್ಣು ಕೆಳಗೆ ಮಾಡಿ ಗುಂಡಿ ಒತ್ತಿದ. ಮೈಕು ಸತ್ತಿತು.

ಬಳಗದವರು ಒಂದು ಲೆಕ್ಕ ತಪ್ಪಿದ್ದರು. ಈ ಮನುಷ್ಯ ಮೂವತ್ತು ವರ್ಷ ಹಾಡಿದ್ದು ಕಾಂಕ್ರೀಟಿನ ಯಂತ್ರದ ಪಕ್ಕದಲ್ಲಿ ನಿಂತು, ಮೂರು ಮಜಲಿನ ಮೇಲಿನ ಕಿವಿಗೆ. ಮೈಕು ಹೋದದ್ದು ತಾಡಪಾಲಿನ ಮೇಲಿದ್ದವರಿಗೆ ತಿಳಿಯಲೇ ಇಲ್ಲ. ಇನ್ನಷ್ಟು ಹತ್ತಿರದಿಂದ ಕೇಳಿದ ಹಾಗಾಯಿತು.

ಹಾಜರಿ ಬುಕ್ಕಿನಾಗ ಹೆಸರ ಇಲ್ಲಂತಾರ
ಗೋಡಿ ಗೋಡಿಗೆ ಕೇಳ ನನ ತಂಗಿ, ಹುಸೇನಬಿ
ಹೂಂ ಅಂತಾವೊ ಇಟ್ಟಂಗಿ

ಸಾಲು ತಿರುಗಿ ಹೇಳಿತು. ಯಾರೂ ಹೇಳಿಕೊಟ್ಟದ್ದಲ್ಲ, ಮೈಗೆ ಹತ್ತಿದ ರೂಢಿ. ತಾಡಪಾಲಿನ ಮುಂದಿನ ಸಾಲಿನವರು ‘ಹುಸೇನಬಿ’ ಎಂದರು, ಅವರ ಹಿಂದಿನವರು ಎತ್ತಿಕೊಂಡರು, ಅವರಿಂದ ಅವರ ಹಿಂದಿನವರು. ತುಂಬಿದ ಬುಟ್ಟಿ ಏರುವ ಹಾಗೆ ಹೆಸರು ಬಾಯಿಂದ ಬಾಯಿಗೆ ಹೋಗಿ ಬಾಗಿಲ ಕಂಬ ಮುಟ್ಟಿತು. ಗುತ್ತಿಗೆದಾರನ ತಾಳ ನಿಂತಿತ್ತು. ‘ಯಾರಿಕಿ ಹುಸೇನಬಿ?’ ಎಂದ, ಪಕ್ಕದವರಿಗೆ, ತುಸು ಜೋರಾಗಿಯೇ.

‘ಈಗ ಕೇಳಿದ್ರಲ್ಲಾ ಸಾಹುಕಾರ್ರ’ ಎಂದ ಮಕ್ತುಮಸಾಬ ವೇದಿಕೆಯಿಂದಲೇ. ‘ನಾಕು ವರ್ಷದ ಹಿಂದ ಕೇಳಬೇಕಿತ್ತು.’

ಶಾಲು ಮಡಿಕೆಯಲ್ಲೇ ಉಳಿಯಿತು. ಅವನು ದಪ್ಪು ಬಗಲಲ್ಲಿಟ್ಟುಕೊಂಡು ಇಳಿದು, ಜನರ ನಡುವಿನಿಂದಲೇ ಹೊರಗೆ ನಡೆದ. ಗ್ಯಾಂಗು ಎದ್ದು ಹಿಂದೆ ಬಂದಿತು, ಊಟಕ್ಕೂ ನಿಲ್ಲದೆ. ಓಣಿಯಲ್ಲಿ ಯಾಸ್ಮೀನ ಅವನ ಕೈ ಹಿಡಿದಳು. ಅಳುತ್ತಾಳೆ ಎಂದುಕೊಂಡಿದ್ದ. ಅಳಲಿಲ್ಲ.

‘ಕಾಕಾ, ಒಂದು ತಪ್ಪೈತ್ರಿ. ಅಮ್ಮನ ಕೈಯಾಗಿನ ಬಳಿ ಹಸರ ಇರಲಿಲ್ಲ. ಅವತ್ತು ಕೆಂಪು ಹಾಕ್ಕೊಂಡಿದ್ಲು. ನಾನs ತೊಡಸಿದ್ದೆ.’

ಮಕ್ತುಮಸಾಬ ನಿಂತ. ನಲವತ್ತು ಪದದ ಯಜಮಾನನ ಮುಖ ಕೆಂಪಾಯಿತು. ನಾಲ್ಕು ವರ್ಷ ಹಸಿರು ಹಸಿರು ಎಂದು ಹಾಡಿದ್ದಾನೆ! ಆಮೇಲೆ ನಕ್ಕ. ತಾಯಿಯ ಮಗಳೇ ಸೈ.

‘ಮುಂದಿನ ಸಲ ತಿದ್ದಿದ್ರಾತು, ಬಿಡು’ ಎಂದಳು ಹಿಂದೆಯೇ ಬಂದ ಖುರ್ಷಿದಾಬೇಗಂ.

‘ತೇಪಿ ಹಚ್ಚಿದ್ದು ಸೋರ್ತೈತಿ’ ಎಂದ ಅವನು. ದಪ್ಪು ತೆಗೆದ. ಓಣಿಯ ನಡುಮಧ್ಯದಲ್ಲಿ, ಮೊದಲ ನುಡಿಯಿಂದ ಎತ್ತಿದ. ಕೆಂಪ ಬಳಿ ಗಿಲಕಿ ಆದಾವೋ ಮಣ್ಣಾಗ. ಗ್ಯಾಂಗು ಓಣಿಯ ಎರಡೂ ಗೋಡೆಗೆ ತುಂಬಿ ನಿಂತು ತಿರುಗಿ ಹೇಳಿತು. ಆರು ನುಡಿಯಲ್ಲಿ ಎರಡು ಮುಗಿದಿರಬೇಕು, ಹಿಂದಿನಿಂದ ಗುತ್ತಿಗೆದಾರನ ಕಾರು ಬಂದು ನಿಂತಿತು. ಹಾರ್ನು ಹೊಡೆಯಿತು. ಮತ್ತೆ ಹೊಡೆಯಿತು.

ಯಾರೂ ಸರಿಯಲಿಲ್ಲ. ಪದ ಇನ್ನೂ ನಾಲ್ಕು ನುಡಿ ಇತ್ತು.