ಅವ್ವನ ಜಪಾನಿ ಚಾಕು

ಸೌತೆಕಾಯಿ ಹೆಚ್ಚುವಾಗ ಏಳುವ ಹಸಿ ವಾಸನೆ ನನಗೆ ಬಹಳ ಇಷ್ಟ. ಇವತ್ತು ಬೆಳಿಗ್ಗೆ ಆ ವಾಸನೆ ಮೂಗಿಗೆ ಬಂತು, ಸಂತೋಷವೂ ಆಯಿತು, ಆದರೆ ಹಲಗೆಯ ಮೇಲೆ ಬಿದ್ದ ಹೋಳು ನೋಡಿ ಹಣೆ ಚಚ್ಚಿಕೊಂಡೆ. ಮೇಲೆ ದಪ್ಪ, ಕೆಳಗೆ ತೆಳು. ಇನ್ನೊಂದು ಹೆಚ್ಚಿದೆ, ಅದೂ ಹಾಗೆಯೇ. ಅಡುಗೆಯಲ್ಲಿ ನಾನು ಅಂಥ ಜಾಣೆ ಏನಲ್ಲ, ಒಪ್ಪುತ್ತೇನೆ. ನಾನು ಹೆಚ್ಚಿದ ಉಳ್ಳಾಗಡ್ಡಿ ನೋಡಿ ನನ್ನ ಗಂಡ "ಇದು ಪಲ್ಯಾಕೇನ, ದನಕ್ಕೇನ?" ಎಂದು ಕೇಳಿದ್ದುಂಟು. ಆದರೆ ಇವತ್ತಿನ ತಪ್ಪು ನನ್ನದಲ್ಲ, ಚಾಕಿನದು. ಸರಿಯಾಗಿ ಹೇಳಬೇಕೆಂದರೆ ಚಾಕಿನದೂ ಅಲ್ಲ.

ಒಳಕೋಣೆಯಿಂದ ಅವ್ವನ ದನಿ ಬಂತು. "ಏ ಹುಡುಗಿ, ನನ್ನ ಚಾಕೂ ಮುಟ್ಟಿಯೇನ?"

ಹುಡುಗಿ ಎಂದರೆ ನಾನೇ. ತಲೆ ಅರ್ಧ ಬೆಳ್ಳಗಾಗಿದೆ. ಅವ್ವ ಆಗ ಲಿಂಗಪೂಜೆಗೆ ಕೂತಿದ್ದಳು. ಪೂಜೆಯ ನಡುವೆ ತುಟಿ ಬಿಚ್ಚಬಾರದೆಂದು ನಮಗೆಲ್ಲ ಕಲಿಸಿದವಳು ಅವಳೇ, ಆದರೆ ಆ ನೇಮ ಚಾಕಿನ ವಿಷಯಕ್ಕೆ ಲಾಗೂ ಇಲ್ಲ. ಇಣುಕಿ ನೋಡಿದೆ. ಕುರ್ಚಿಯ ಮೇಲೆ ಕೂತು, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಬಲಗೈಯಿಂದ ವಿಭೂತಿ ಹಚ್ಚುತ್ತಿದ್ದಳು. ಕಣ್ಣು ಮುಚ್ಚಿತ್ತು. ಕಿವಿ ಮಾತ್ರ ನನ್ನ ಅಡುಗೆಮನೆಯಲ್ಲಿತ್ತು.

ಅವ್ವ ತನ್ನೂರು ದಾಳಿಂಬದಿಂದ ಉಮರ್ಗಾಕ್ಕೆ, ನನ್ನ ಮನೆಗೆ, ಎರಡು ದಿನಕ್ಕೆ ಬಂದರೂ ಈ ಚಾಕು ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಅವಳ ಕೈಚೀಲದಲ್ಲಿ ಬಂದೇ ಬರುತ್ತದೆ. ಅಗಲವಾದ ಅಲಗು, ತುದಿ ಚೂಪಿಲ್ಲ, ಚೌಕ. ಜಾಲಿ ಕಟ್ಟಿಗೆಯ ಹಿಡಿ. ಈ ಸೀಮೆಯಲ್ಲಿ ಇಂಥದ್ದು ಇನ್ನೊಂದಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಸೌತೆಕಾಯಿ ಹಾಗೇ ಇರಲಿ, ಕೂತುಕೊಳ್ಳಿ, ಅದು ಹುಟ್ಟಿದ ಕಥೆ ಹೇಳುತ್ತೇನೆ.

ಮೊದಲು ಇಳಗಿಯ ಮಾತು. ನೀವು ಈಳಿಗೆ ಅನ್ನುತ್ತೀರೋ ಮೆಟ್ಟುಗತ್ತಿ ಅನ್ನುತ್ತೀರೋ, ನಮ್ಮ ಕಡೆ ಅದು ಇಳಗಿ. ನೆಲಕ್ಕೆ ಕೂತು, ಹಲಗೆಯನ್ನು ಕಾಲಿನಿಂದ ಒತ್ತಿ ಹಿಡಿದು, ನಿಂತ ಅಲಗಿಗೆ ಎರಡೂ ಕೈಯಿಂದ ಕಾಯಿ ಒತ್ತಬೇಕು. ಅವ್ವ ಇಳಗಿಯ ಮುಂದೆ ಕೂತರೆ ನೋಡುವುದೇ ಒಂದು ಸುಖವಾಗಿತ್ತು. ಮಾತು ಒಂದು ಕಡೆ, ಕಣ್ಣು ಇನ್ನೊಂದು ಕಡೆ, ಬದನೆಕಾಯಿ ಮಾತ್ರ ಒಂದೇ ಅಳತೆಯಲ್ಲಿ ನೀರಿನ ಪಾತ್ರೆಗೆ ಬೀಳುತ್ತಿತ್ತು. ಕಾಸಾರಶಿರಸಿ ಹತ್ತಿರ ನಮ್ಮ ಮನೆತನದವರು ನಡೆದುಕೊಳ್ಳುವ ಒಂದು ಮಠವಿದೆ. ಶ್ರಾವಣ ಸೋಮವಾರಗಳಲ್ಲಿ ಅಲ್ಲಿ ದಾಸೋಹ. ಪಡಸಾಲೆಯಲ್ಲಿ ಹೆಂಗಸರು ಇಳಗಿ ಹಾಕಿಕೊಂಡು ಸಾಲಾಗಿ ಕೂರುತ್ತಾರೆ. ಸಾಲಿನ ಮೊದಲ ಜಾಗ ಅವ್ವನದು. ಬೇರೆ ಯಾರಾದರೂ ಕೂತರೆ, ಅಡುಗೆಯ ಉಸ್ತುವಾರಿ ನೋಡುವ ಕಾಶೀಬಾಯಿ "ಏಳ್ರೀ, ಅದು ಶಾಂತಕ್ಕನ ಜಾಗಾ" ಎಂದು ಎಬ್ಬಿಸುತ್ತಿದ್ದಳು.

ಆಮೇಲೆ ಅವ್ವನ ಮಂಡಿ ಹೋದವು. ನೆಲಕ್ಕೆ ಕೂರಲೇಬಾರದೆಂದರು ಡಾಕ್ಟರು. ಆ ಶ್ರಾವಣದಲ್ಲಿ ಮಠದವರು ಅವಳಿಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿ, ಎಲೆಯ ದೊನ್ನೆ ಒರೆಸುವ ಕೆಲಸ ಕೊಟ್ಟರು. ಪ್ರೀತಿಯಿಂದಲೇ ಕೊಟ್ಟರು. ಅವ್ವ ಪ್ರಸಾದವನ್ನೂ ಮುಟ್ಟದೆ ಆಟೋ ಹಿಡಿದು ಮನೆಗೆ ಬಂದಳು.

"ಪಾವಣ್ಯಾರಂಗ ಕುಂದ್ರಿಸಿದ್ರು ನನಗ. ಇನ್ನ ಆ ಕಡಿ ಹೋಗಲ್ಲ ನಾ," ಅಂದಳು. ಪಾವಣ್ಯಾರೆಂದರೆ ಬಂದುಹೋಗುವ ನೆಂಟರು.

ಹೋಗಲ್ಲ ಅಂದವಳು ಮುಂದಿನ ಸೋಮವಾರ ಬೆಳಗಿನಿಂದ ಬಾಗಿಲಲ್ಲಿ ನಿಂತು ಹೋಗುವ ಆಟೋಗಳನ್ನು ನೋಡುತ್ತಿದ್ದಳು. ಅವಳಿಗೆ ಬೇಕಿದ್ದದ್ದು ಇಷ್ಟೇ: ಆ ಸಾಲಿನಲ್ಲಿ ಮತ್ತೆ ಕಾಯಿಪಲ್ಯ ಹೆಚ್ಚುವುದು. ಅದೊಂದು ಕಳೆದುಹೋದರೆ ಅವ್ವನಲ್ಲಿ ಅರ್ಧ ಅವ್ವನೂ ಉಳಿಯುವುದಿಲ್ಲ ಎಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಈಗ ಬಸಣ್ಣ ಮಾವ ಬರಬೇಕು. ಅವನು ಬರುವ ಮೊದಲು ಅವನ ಬಾಯಿ ಬರುತ್ತದೆ. ಅವ್ವನ ತಮ್ಮ. ಉಮರ್ಗಾದಲ್ಲಿ ಹೈವೇ ದಂಡೆಗೆ ಗ್ಯಾರೇಜು. ಲಾರಿಯ ಚಕ್ರದ ಮೇಲೆ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳಿಗೆ ಪಾಟಾ ಅನ್ನುತ್ತಾರೆ. ಅವನ್ನು ಕಾಸಿ, ಬಡಿದು, ರಿಪೇರಿ ಮಾಡುವುದು ಅವನ ಕಸುಬು. ಗಿರಾಕಿ ಇಲ್ಲದಾಗ ಮೊಬೈಲಿನಲ್ಲಿ ಜಪಾನಿನ ಒಬ್ಬ ಮುದುಕ ಚಾಕು ಮಾಡುವುದನ್ನು ನೋಡುತ್ತ ಕೂರುತ್ತಾನೆ. ಮುದುಕನ ಮಾತು ಒಂದಕ್ಷರ ತಿಳಿಯದು. "ತಿಳೀಲಿಕ್ಕೇನದ? ಅಂವಾ ಕೈಲೇ ಮಾತಾಡ್ತಾನ," ಅನ್ನುತ್ತಾನೆ ಮಾವ. "ಅವನ ಕೈಗಿ ನಮ್ಮ ಪಾಟಾ ಸಿಕ್ಕಿದ್ರ ಖುಷೀಲೆ ಅತ್ತಬಿಡ್ತಿದ್ದ."

ಅಕ್ಕನ ಸಂಕಟ ಕೇಳಿದ ದಿನವೇ ಘೋಷಣೆ ಮಾಡಿದ. "ಅಕ್ಕಾ, ನೀ ಟೇಬಲ್ ಮುಂದ ನಿಂತು ಹೆಚ್ಚು. ಜಪಾನಿ ಚಾಕೂ ಮಾಡಿ ಕೊಡ್ತೀನಿ."

"ಚಾಕೂಲೆ ಹೆಚ್ಚೋದು ಖಾನಾವಳಿಯವರ ಕೆಲಸ."

"ಒಮ್ಮಿ ಹಿಡದ್ ನೋಡು. ಆಮ್ಯಾಗ ಇಳಗಿ ಒಲಿಗಿ ಹಾಕ್ತಿ."

ಹಳೇ ಪಾಟಾ ಕತ್ತರಿಸಿ, ಕಾಸಿ, ಬಡಿದು, ಎಣ್ಣೆಯಲ್ಲಿ ಅದ್ದಿ ಗಡಸು ಮಾಡುವುದು ಅವನಿಗೆ ದಿನದ ಕೆಲಸ. ಹೊಸದು ಇದ್ದದ್ದು ಸಾಣೆಯಲ್ಲಿ. ನಮ್ಮ ಪೇಟೆಯ ಚಾಕುಗಳ ಬಾಯಿಗೆ ಎರಡೂ ಮಗ್ಗುಲಿಗೆ ಇಳಿಜಾರು ಇರುತ್ತದೆ. ಮುದುಕ ಮಾಡುತ್ತಿದ್ದ ಈ ತರಕಾರಿ ಚಾಕಿಗೆ ಒಂದೇ ಮಗ್ಗುಲಿಗೆ ಇಳಿಜಾರು, ಇನ್ನೊಂದು ಮಗ್ಗುಲು ಪೂರ್ತಿ ಸಪಾಟು. ಅದಕ್ಕೇ ಹೋಳು ಕಾಗದದಷ್ಟು ತೆಳ್ಳಗೆ ಬೀಳುತ್ತದಂತೆ. ಮಾವ ಮುದುಕನನ್ನು ನೋಡಿ ನೋಡಿ ಹಾಗೆಯೇ ಮಾಡಿದ. ಆಮೇಲೆ ಅಕ್ಕನನ್ನು ಗ್ಯಾರೇಜಿಗೆ ಕರೆಸಿ, ಟೇಬಲ್ಲು ಒರೆಸಿ, ಬದನೆಕಾಯಿ ಇಟ್ಟ. ಕರೆದುಕೊಂಡು ಹೋದವಳು ನಾನು.

ಅವ್ವ ಬಲಗೈಯಲ್ಲಿ ಚಾಕು ಹಿಡಿದಳು. ಅಯ್ಯೋ, ಏನು ಹೇಳಲಿ! ಊರಿಗೆಲ್ಲ ಹೆಚ್ಚಿ ಹಾಕಿದ ಹೆಂಗಸಿನ ಕೈ ಆ ಟೇಬಲ್ಲಿನ ಮೇಲೆ ತಡವರಿಸಿತು. ಬದನೆಕಾಯಿ ಜಾರಿತು, ಬೆರಳು ಸ್ವಲ್ಪದರಲ್ಲಿ ಉಳಿಯಿತು. ಮಾವ ತಾನು ಹೆಚ್ಚಿ ತೋರಿಸಿದರೆ ಚಕಚಕನೆ ಹೋಳು. ಅವನು ಅಷ್ಟಕ್ಕೆ ಸುಮ್ಮನಿರಬಾರದೇ? "ಚಾಕೂ ಬರೋಬರಿ ಅದ, ಕೈಗೇ ವಯಸ್ಸಾಗ್ಯಾದ," ಅಂದುಬಿಟ್ಟು, ಕೈ ಒರೆಸಿಕೊಳ್ಳುತ್ತ ಆ ತುದಿಗೆ ಹೋಗಿ ನಿಂತ.

ಅವ್ವನಿಗೆ ರೇಗಿತು. ಕೈಗೆ ಸಿಕ್ಕ ಬದನೆಕಾಯಿ ಬೀಸಿ ಒಗೆದಳು. ಅದು ಗ್ಯಾರೇಜಿನ ಆ ತುದಿಯಲ್ಲಿದ್ದ ಮಾವನ ಎದೆಗೆ ಸರಿಯಾಗಿ ನಟ್ಟನಡುವೆ ಬಡಿಯಿತು. ಮಾವ ಎದೆ ಉಜ್ಜಿಕೊಳ್ಳುತ್ತ ನಿಂತವನು ಅಕ್ಕನ ಕೈಯನ್ನೇ ನೋಡಿದ. ಒಗೆದದ್ದು ಎಡಗೈ.

"ಏ ಅಕ್ಕಾ! ನೀ ಎಡಚಿ ಅಲ್ಲೇನ! ಹುಣಸಿಕಾಯಿಗಿ ಕಲ್ಲ ಒಗದ್ರ ಒಂದೂ ತಪ್ಪತಿದ್ದಿಲ್ಲ. ಅಪ್ಪ ಊಟಕ್ಕ ಕುಂದ್ರುವಾಗ ನಿನ್ನ ಎಡಗೈ ಟವೆಲಲೆ ಕಟ್ಟತಿದ್ದ, ನೆಪ್ಪದ ಏನ?"

"ಸುಮ್ಮಕೂಡ್ ಬಸ್ಯಾ. ಗಲ್ಲಿ ತುಂಬ ಡಂಗುರಾ ಹೊಡೀಬ್ಯಾಡ," ಎಂದ ಅವ್ವನ ಮುಖ ಕೆಂಪಗಾಗಿತ್ತು.

ನನಗೆ ಇದು ಗೊತ್ತೇ ಇರಲಿಲ್ಲ. ಎಡಗೈಯಿಂದ ಏನನ್ನೂ ಕೊಡಬಾರದು, ತೆಗೆದುಕೊಳ್ಳಬಾರದು ಎಂದು ನನ್ನ ಬೆನ್ನಿಗೆ ಗುದ್ದಿ ಕಲಿಸಿದವಳು ಅವ್ವ. ಊರಿನಲ್ಲಿ ಆ ವಿಷಯಕ್ಕೆ ಅವಳಷ್ಟು ಕಟ್ಟುನಿಟ್ಟು ಯಾರೂ ಇರಲಿಲ್ಲ. ಇಳಗಿಗೆ ಎರಡೂ ಕೈ ಬೇಕಲ್ಲ, ಯಾವ ಕೈ ಜಾಣ ಎಂದು ಯಾರು ಕೇಳುತ್ತಾರೆ? ಜೀವಮಾನವಿಡೀ ಆ ಕೈ ಬಲಗೈಯ ಮಗ್ಗುಲಲ್ಲಿ ಅಡಗಿ ಕೂತು ದುಡಿದಿತ್ತು.

ಮಾವ ಹಟ ಹಿಡಿದ. ಅವ್ವ ಆಚೀಚೆ ನೋಡಿ, ಶೆಟರ್ ಅರ್ಧ ಇಳಿಸಲು ಹೇಳಿ, ಚಾಕನ್ನು ಎಡಗೈಗೆ ತೆಗೆದುಕೊಂಡಳು. ಕೈ ತಡವರಿಸಲಿಲ್ಲ. ಇಳಗಿಯ ಮುಂದೆ ನೋಡಿದ ಅದೇ ಅವ್ವ! ಆದರೆ ಹೋಳು ಸೊಟ್ಟ ಬಿತ್ತು, ಮೇಲೆ ದಪ್ಪ, ಕೆಳಗೆ ತೆಳು. ಮಾವ ಅಲಗು ತಿರುಗಿಸಿ ನೋಡಿ ಹಲ್ಲು ಕಚ್ಚಿದ. ಇಳಿಜಾರು ಇದ್ದದ್ದು ಬಲಗೈಯವರ ಮಗ್ಗುಲಿಗೆ. ಎಡಗೈಗೆ ಅದು ಆಚೆ ಮಗ್ಗುಲಿಗೆ ಬರಬೇಕು.

"ಇದು ನಿಂದಲ್ಲ," ಅಂದ. "ನಿಂದು ಇನ್ನಾ ಹುಟ್ಟಬೇಕು."

ಇನ್ನು ಮುಂದಿನದನ್ನು ನಾನು ಬಿಟ್ಟಗಣ್ಣಾಗಿ ನೋಡಿದೆ. ಜಪಾನಿ ಮುದುಕ ಬಲಗೈಯವನು. ಅವನ ಕೈ ನೋಡಿ ಕಲಿತದ್ದನ್ನೆಲ್ಲ ಈಗ ಉಲ್ಟಾ ಮಾಡಬೇಕು. ಮಾವ ಏನು ಮಾಡಿದ ಗೊತ್ತೇ? ಒಂದು ಲಾರಿಯ ಪಕ್ಕದ ಕನ್ನಡಿ ಬಿಚ್ಚಿ ತಂದು ಗೋಡೆಗೆ ಒರಗಿಸಿ, ಅದರ ಮುಂದೆ ಮೊಬೈಲು ಇಟ್ಟ. ಕನ್ನಡಿಯಲ್ಲಿ ಮುದುಕ ಎಡಚನಾದ. "ಈಗ ಬಂದಾ ನೋಡು ದಾರಿಗಿ," ಅಂದ ಮಾವ.

ಮೊದಲ ಸಲ ಗ್ರೈಂಡರಿನ ಮೇಲೆ ಅವಸರ ಮಾಡಿ ಅಂಚಿಗೆ ನೀಲಿ ಬಣ್ಣ ಬಂತು. ನೀಲಿ ಬಂದರೆ ಉಕ್ಕು ಅತಿಯಾಗಿ ಕಾಯ್ದು ಗಡಸು ಕಳೆದುಕೊಂಡಿತೆಂದೇ ಅರ್ಥ. ಅದನ್ನು ಗುಜರಿಗೆ ಒಗೆದು, ತರಿಸಿದ ಚಹಾ ಕುಡಿಯದೆ ಕೂತ. ಮತ್ತೊಂದು ಪಾಟಾ ಎತ್ತಿಕೊಂಡ. ಈ ಸಲ ಕೈಗವಸು ಬಿಚ್ಚಿಟ್ಟ. ಬೆರಳಿಗೆ ಬಿಸಿ ತಾಗಿದ ಕೂಡಲೇ ಅಲಗು ಬಕೆಟ್ಟಿನ ನೀರಿಗೆ. ಮತ್ತೆ ಗ್ರೈಂಡರಿಗೆ, ಮತ್ತೆ ನೀರಿಗೆ. ಸಾಣೆ ಎಂದರೆ ಕಿಡಿ ಹಾರಿಸುವುದು ಎಂದು ನಾನು ತಿಳಿದಿದ್ದೆ. ಕಿಡಿಯ ಆಟ ಬೇಗ ಮುಗಿಯುತ್ತದೆ, ಆಮೇಲಿನದೆಲ್ಲ ತಾಳ್ಮೆ. ಸಾಣೆಕಲ್ಲನ್ನು ನೀರಲ್ಲಿ ನೆನೆಸಿ, ಕೈಯಿಂದ ತಿಕ್ಕಿದ. ಒರಟು ಕಲ್ಲು ಮಾಡಿದ ಗೆರೆಗಳನ್ನು ನಯ ಕಲ್ಲು ಅಳಿಸಬೇಕು, ಅದರ ಗೆರೆಗಳನ್ನು ಇನ್ನೂ ನಯವಾದದ್ದು. ಕಲ್ಲಿನ ಮೇಲೆ ಏಳುವ ಬೂದು ಕೆಸರನ್ನು ತೊಳೆಯಲು ನಾನು ನೀರು ಸುರಿಯಹೋದರೆ ಕೈ ಅಡ್ಡ ಹಿಡಿದ. ಆ ಕೆಸರೇ ಉಕ್ಕಿಗೆ ನುಣುಪು ಕೊಡುವುದಂತೆ. ಇಳಿಜಾರಿನ ಮಗ್ಗುಲು ತಿಕ್ಕಿದಾಗ ಅಂಚಿನ ಉಕ್ಕು ಕೂದಲಿನಷ್ಟು ಆಚೆ ಹೊರಳುತ್ತದೆ. ಸಪಾಟು ಮಗ್ಗುಲನ್ನು ಕಲ್ಲಿಗೆ ಮಲಗಿಸಿ ಒಂದೆರಡು ಸಲ ಎಳೆದು ಅದನ್ನು ತೆಗೆದ. ಕೊನೆಗೆ ತನ್ನ ಹಳೇ ಚರ್ಮದ ಬೆಲ್ಟಿನ ಮೇಲೆ ಸವರಿದ. ಅಷ್ಟು ಹೊತ್ತೂ ಒಂದು ಮಾತಿಲ್ಲ! ಬಾಯಿ ಮುಚ್ಚಿದ ಬಸಣ್ಣ ಮಾವನನ್ನು ನಾನು ನೋಡಿದ್ದು ಅದೇ ಮೊದಲು. ಎಷ್ಟು ಚಂದ ಕಂಡ ಎಂದರೆ, ನಂಬಿ, ಕೈ ಮುಗಿಯಬೇಕು ಅನಿಸಿತು.

ಕೊಡುವ ದಿನ ಅವ್ವನೂ ಬಂದಳು. ಹರಿತದ ವಸ್ತುವನ್ನು ನಮ್ಮಲ್ಲಿ ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳವಾಗುತ್ತದಂತೆ. ನೆಲದ ಮೇಲೆ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಮಾವ ರೂಢಿಯಂತೆ ನೆಲದ ಮೇಲೆ ಇಟ್ಟ. ಅವ್ವ ತನ್ನ ಮಂಡಿ ನೋಡಿಕೊಂಡಳು, ಚಾಕು ನೋಡಿದಳು.

"ಕೈಯಾಗ ಕೊಡು."

"ಜಗಳಾ ಆಗ್ತದ ಅಕ್ಕಾ."

"ಈಗೇನು ಕಡಿಮಿ ಆಗ್ಯಾವೇನ? ಕೊಡು," ಎಂದು ಕೈ ಚಾಚಿದಳು. ಎಡಗೈ. ಮಾವ ಎರಡೂ ಕೈಯಲ್ಲಿ ಹಿಡಿದು ಕೊಟ್ಟ, ಮೂಗು ಒರೆಸಿಕೊಂಡ, ಮತ್ತೆ ಬಡಾಯಿ ಶುರು ಮಾಡಿದ.

ಮುಂದಿನ ಶ್ರಾವಣ ಸೋಮವಾರ ಮಠದಲ್ಲಿ ಇಳಗಿಯ ಸಾಲಿನ ತುದಿಗೆ ಒಂದು ಟೇಬಲ್ಲು ಬಿತ್ತು. ಅವ್ವ ಚಾಕು ಬಿಚ್ಚಿದಳು. ಬಲಗೈಯಲ್ಲಿ ಹಿಡಿಯುತ್ತಾಳೋ ಏನೋ ಎಂದು ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಎಡಗೈಯಲ್ಲೇ ಹಿಡಿದಳು. ಒಂದೊಂದಾಗಿ ಇಳಗಿಗಳ ಸದ್ದು ನಿಂತಿತು.

ಕಾಶೀಬಾಯಿ ಸೊಂಟಕ್ಕೆ ಕೈ ಇಟ್ಟುಕೊಂಡು ಬಂದಳು. "ಅಗ ಬಾಯಿ! ಪ್ರಸಾದದ ಕಾಯಿಪಲ್ಯಾಕ ಎಡಗೈ ಹಚ್ಚತಿಯೇನ ಶಾಂತಕ್ಕ?"

ಅವ್ವ ತಲೆ ಎತ್ತಲಿಲ್ಲ. "ಕಾಶೀಬಾಯಿ, ಮುಂಜಾನಿ ಲಿಂಗಪೂಜಿ ಆಯ್ತೇನ್ರೀ?"

"ಆಗಲಾರ್ದ ನೀರ್ ಸುದ್ದಾ ಕುಡೀಲ್ಲ ನಾ."

"ಲಿಂಗಾ ಯಾವ ಕೈಯಾಗ ಇಟಗೊಂಡಿದ್ರಿ?"

ಕಾಶೀಬಾಯಿ ತನ್ನ ಎಡ ಅಂಗೈ ನೋಡಿಕೊಂಡಳು. ಸಾಲಿನಲ್ಲಿ ಒಬ್ಬಿಬ್ಬರು ತಮ್ಮ ತಮ್ಮ ಕೈ ನೋಡಿಕೊಂಡದ್ದನ್ನು ನಾನು ಕಂಡೆ. ಆಮೇಲೆ ಕಾಶೀಬಾಯಿ ಒಂದು ಬದನೆ ಹೋಳು ಎತ್ತಿ, ಬೆಳಕಿಗೆ ಹಿಡಿದು, ಪಾತ್ರೆಗೆ ಹಾಕಿ, ಪಕ್ಕದ ಬುಟ್ಟಿಯನ್ನು ಟೇಬಲ್ಲಿನ ಕಡೆಗೆ ಕಾಲಿನಿಂದ ತಳ್ಳಿದಳು.

"ಇದೂ ಮುಗಸು. ಲಗೂ," ಅಂದಳು.

ಅವ್ವ ಅಂದು ಹೊಟ್ಟೆ ತುಂಬ ಉಂಡಳು.

ಕಥೆ ಹೇಳುತ್ತ ನನ್ನ ಸೌತೆಕಾಯಿ ಬಾಡಿತು ನೋಡಿ. ಅವ್ವ ಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಅಡುಗೆಮನೆಗೆ ಬಂದಳು. ನನ್ನ ಹೋಳುಗಳನ್ನು ನೋಡಿ "ಇವು ನಿನ್ನ ಗಂಡಗ ಹಾಕು," ಅಂದಳು. ನನ್ನನ್ನು ಸೊಂಟದಿಂದ ಆಚೆ ನೂಕಿ, ಚಾಕು ಹಿಡಿದು, ಉಳಿದರ್ಧ ಹೆಚ್ಚಿದಳು. ಹೋಳಿನೊಳಗಿಂದ ಹಲಗೆಯ ಗೆರೆ ಕಾಣುತ್ತಿತ್ತು. ಬಲಗೈಗೆ ಬೀಜದ ಲೋಳೆ ಮೆತ್ತಿತ್ತು. ಅವಳು ಚಾಕು ಕೆಳಗಿಟ್ಟು, ಎಡಗೈಯಿಂದಲೇ ಒಂದು ಹೋಳೆತ್ತಿ, ಉಪ್ಪಿಗೆ ಮುಟ್ಟಿಸಿ, ನನ್ನ ಮುಖದ ಮುಂದೆ ಹಿಡಿದಳು.

"ಏನ್ ನೋಡ್ಲಾಕತ್ತಿ? ಬಾಯಿ ತಗಿ."

ಆ ಕೈಯಿಂದ ಅವ್ವ ನನಗೆ ತಿನ್ನಿಸಿದ್ದು ಹುಟ್ಟಿದಾಗಿನಿಂದ ಇದೇ ಮೊದಲು. ನಾನು ಬಾಯಿ ತೆರೆದೆ.